ನೀಲಿ ಬಾವಿಗೆ ಕಟ್ಟೆ ಎಲ್ಲಿ?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಕ್ಕನ ತೋಟದಮನೆಯ ಈಜುಕೊಳಕ್ಕೆ ಬೆಳ್ಳಿ ಬಿದ್ದುಬಿಟ್ಟಿತು. ಬೆಳ್ಳಿ ಮುಧೋಳ ತಳಿಯ ನಾಯಿ. ಮೂರು ವರ್ಷದ್ದು. ನೆಲದ ಮೇಲೆ ಓಡಿದರೆ ಹಾರೋಹಳ್ಳಿ ಸುತ್ತಮುತ್ತ ಅದನ್ನು ಹಿಡಿಯುವವರಿಲ್ಲ. ಕಪ್ಪೆಯನ್ನೋ ಇಲಿಯನ್ನೋ ಅಟ್ಟಿಸಿಕೊಂಡು ಹೋಗಿರಬೇಕು. ತೋಟ ಕಾಯುವವರು ಯಾವುದಕ್ಕೋ ಎದ್ದು ಹೊರಗೆ ಬಂದು, ನೀರು ಅಲುಗುವ ಸಪ್ಪಳ ಕೇಳಿ ಟಾರ್ಚ್ ಬಿಟ್ಟಾಗ, ಅದು ಬಿದ್ದ ಜಾಗದಲ್ಲೇ ಗೋಡೆಯ ಟೈಲ್ಸಿಗೆ ಮುಂಗಾಲು ಊರುತ್ತ, ಜಾರುತ್ತ, ಮತ್ತೆ ಊರುತ್ತ ಇತ್ತಂತೆ. ಮೆಟ್ಟಿಲಿದ್ದದ್ದು ಹತ್ತು ಹನ್ನೆರಡು ಅಡಿ ಆಚೆ. ಕತ್ತುಪಟ್ಟಿ ಹಿಡಿದು ಎಳೆದು ಮೇಲೆ ಹಾಕಿದರು, ನಾಯಿ ಬದುಕಿತು. ಬೆಳಿಗ್ಗೆ ಅವರು ಅಕ್ಕನಿಗೆ ಹೇಳಿದ ಒಂದು ಮಾತು ಮಾತ್ರ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ: "ಒಂದ್ ಸಲಾನೂ ಬೊಗಳಲಿಲ್ಲ ಕಣಮ್ಮ."

ಸುದ್ದಿ ಕೇಳಿದ ಅಮ್ಮ ನಾಯಿಯ ಬಗ್ಗೆ ಏನೂ ಅನ್ನಲಿಲ್ಲ. "ಬಾವಿ ತೋಡಿಸಿದೋರು ಕಟ್ಟೆ ಕಟ್ಟಿಸದೆ ಬಿಡ್ತಾರೇನೋ? ನಮ್ಮೂರಲ್ಲಿ ಹಂಗೆ ಬಿಟ್ಟಿದ್ರೆ ಊರೋರೇ ಬಂದು ಉಗೀತಿದ್ರು" ಎಂದರು. ಅಮ್ಮನ ತವರು ಮಂಡ್ಯ ಕಡೆಯ ಹಳ್ಳಿ. ಅವರ ಲೆಕ್ಕದಲ್ಲಿ ಈಜುಕೊಳ ಅಂದರೆ ನೀಲಿ ಟೈಲ್ಸ್ ಹಾಕಿಸಿದ ಬಾವಿ, ಅಷ್ಟೆ. ಮೊದಲು ನಗು ಬಂತು. ಆಮೇಲೆ, ಅಕ್ಕನ ಆ ಮನೆಗೆ ತಿಂಗಳಿಗೊಮ್ಮೆ ಬರುವ ಒಂದೂವರೆ ವರ್ಷದ ಮೊಮ್ಮಗು ನೆನಪಾಗಿ ನಗು ನಿಂತಿತು. ಮಗುವಿಗೆ ಬೊಗಳಲೂ ಬರುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಸ್ವಂತ ಈಜುಕೊಳ ಎಂದರೆ ಸಿನಿಮಾದಲ್ಲಿ ಖಳನಾಯಕನ ಮನೆಯಲ್ಲಿ ಕಾಣುವ ವಸ್ತು. ಈಗ ಕನಕಪುರ ರಸ್ತೆಯ ತೋಟದಮನೆ, ದೇವನಹಳ್ಳಿ ಕಡೆಯ ವಿಲ್ಲಾ, ಸಕಲೇಶಪುರ ಮಡಿಕೇರಿಗಳ ಹೋಂಸ್ಟೇ, ಎಲ್ಲಿ ನೋಡಿದರೂ ಅಂಗಳದಲ್ಲೊಂದು ನೀಲಿ ಚೌಕ. ಕಟ್ಟಿಸುವಾಗ ಟೈಲ್ಸಿನ ಬಣ್ಣಕ್ಕೆ, ನೀರೊಳಗಿನ ದೀಪಕ್ಕೆ, ಪಕ್ಕದ ಮರದ ಹಾಸಿಗೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಬೇಲಿಯ ಮಾತು ಬಂದರೆ "ವ್ಯೂ ಹಾಳಾಗುತ್ತೆ" ಎನ್ನುತ್ತಾರೆ. ನಮ್ಮ ಭಾವನೂ ಅದನ್ನೇ ಅಂದಿದ್ದರು. ಅವರ ನಕ್ಷೆಗೆ ಒಪ್ಪಿಗೆ ಕೊಟ್ಟ ಕಚೇರಿಯಲ್ಲಿ ಮಳೆನೀರು ಕೊಯ್ಲಿನ ಬಗ್ಗೆ ಕೇಳಿದರಂತೆ, ಕೊಳಕ್ಕೆ ಬೇಲಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲವಂತೆ.

ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕಗಳು. ಇದರಲ್ಲಿ ಬಹುಪಾಲು ಕೆರೆ, ಹೊಳೆ, ಬಾವಿಗಳ ಸಾವು. ಮನೆಯ ಈಜುಕೊಳದ ಪಾಲು ಸಣ್ಣದು, ಏಕೆಂದರೆ ಕೊಳಗಳೇ ಕಡಿಮೆ. ಕೊಳಗಳು ಹೆಚ್ಚಿರುವ ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ರೋಗವೂ ಅಲ್ಲ, ರಸ್ತೆಯೂ ಅಲ್ಲ, ನೀರು. ಅದರಲ್ಲೂ ಹೆಚ್ಚಿನದು ಮನೆಯ ಈಜುಕೊಳದ ನೀರು. ನಾವು ಅವರ ಟೈಲ್ಸು, ದೀಪ ತಂದುಕೊಂಡೆವು. ಅವರು ಮಕ್ಕಳನ್ನು ಕಳೆದುಕೊಂಡು ಕಲಿತದ್ದನ್ನು ತರಲು ಮರೆತೆವು.

ಮುಳುಗುವುದು ಹೇಗಿರುತ್ತದೆ ಎಂಬುದರ ಬಗ್ಗೆಯೂ ನಮಗೆ ಸಿನಿಮಾ ಕಲಿಸಿದ್ದು ಸುಳ್ಳು. ಕೈ ಬೀಸುವುದು, "ಕಾಪಾಡಿ" ಎಂದು ಕೂಗುವುದು, ನೀರು ಚಿಮ್ಮಿಸುವುದು ಇವೆಲ್ಲ ಇನ್ನೂ ಉಸಿರು ಕೈಯಲ್ಲಿರುವವರ ಕೆಲಸ. ಫ್ರಾನ್ಸೆಸ್ಕೊ ಪಿಯಾ ಎಂಬ ಅಮೆರಿಕದ ಜೀವರಕ್ಷಕ ನ್ಯೂಯಾರ್ಕಿನ ಕಡಲತೀರದಲ್ಲಿ ವರ್ಷಗಟ್ಟಲೆ ನೋಡಿ, ಚಿತ್ರೀಕರಿಸಿ, ಮುಳುಗುವವರ ಮೈ ಏನು ಮಾಡುತ್ತದೆ ಎಂದು ಬರೆದಿಟ್ಟ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರೆಳೆಯಲಷ್ಟೇ ಸಮಯ, ಕೂಗಲು ಇಲ್ಲ. ಕೈಗಳು ತಾವಾಗಿ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಬೀಸಲು ಆಗುವುದಿಲ್ಲ. ಮೈ ನೆಟ್ಟಗೆ ನಿಂತಂತೆ ಇರುತ್ತದೆ. ದೂರದಿಂದ ನೋಡಿದರೆ ಮಗು ನೀರಿನಲ್ಲಿ ನಿಂತು ಆಡುತ್ತಿದೆ ಅನ್ನಿಸುತ್ತದೆ. ಇದಿಷ್ಟೂ 20ರಿಂದ 60 ಸೆಕೆಂಡು. ಪುಟ್ಟ ಮಕ್ಕಳಿಗೆ ಅಷ್ಟೂ ಇಲ್ಲ, ಕಲ್ಲಿನ ಹಾಗೆ ಇಳಿದುಬಿಡುತ್ತವೆ. ಒಲೆಯ ಮೇಲಿನ ಹಾಲು ಉಕ್ಕಿತೇ ಎಂದು ನೋಡಿ ಬರುವಷ್ಟು ಹೊತ್ತು.

ಹಾಗಾದರೆ ಕಣ್ಣಿಟ್ಟು ಕಾಯುವುದೇ ದಾರಿ ಅಲ್ಲವೇ ಎನ್ನುತ್ತೀರಿ. ಕಾಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣ್ಣಿನ ಮೇಲೆ ಪೂರ್ತಿ ಭಾರ ಹಾಕಬಾರದು ಎನ್ನುವುದೇ ನಾನು ಇಲ್ಲಿ ಹೇಳಹೊರಟ ಮಾತು. ಮಗು ನೀರಿಗೆ ಬೀಳುವುದು ಎಲ್ಲರೂ ಈಜುವ ಹೊತ್ತಿನಲ್ಲಲ್ಲ. ಮಧ್ಯಾಹ್ನ ಊಟ ಮುಗಿದು ಒಬ್ಬರು ಮಲಗಿ, ಒಬ್ಬರು ಪಾತ್ರೆ ಎತ್ತಿಡುತ್ತ, "ಅವಳ ಹತ್ರ ಇದೆ" ಎಂದು ಇವರು, "ಇವರ ಹತ್ರ ಇದೆ" ಎಂದು ಅವಳು ಅಂದುಕೊಂಡಿರುವ ಹೊತ್ತಿನಲ್ಲಿ. ಮನೆ ತುಂಬ ಜನ ಇದ್ದಷ್ಟೂ ಈ ಅಪಾಯ ಜಾಸ್ತಿ. ಗೃಹಪ್ರವೇಶ, ಹುಟ್ಟುಹಬ್ಬ, ಬೀಗರೂಟ ನಡೆಯುವ ದಿನ ಮಗುವಿಗೆ ಹತ್ತು ಮಡಿಲು, ಕಾವಲಿಗೆ ಒಬ್ಬರೂ ಇಲ್ಲ.

ಆದ್ದರಿಂದ ಮೊದಲು ಬೇಲಿ, ಆಮೇಲೆ ಉಳಿದದ್ದು.

ಬೇಲಿ ಎಂದರೆ ಕಾಂಪೌಂಡ್ ಅಲ್ಲ. ನಮ್ಮಲ್ಲಿ ಎಲ್ಲರೂ ಎಡವುವುದು ಇಲ್ಲೇ. ಕಾಂಪೌಂಡ್ ಗೋಡೆ ಪಕ್ಕದ ಮನೆಯ ಮಗುವನ್ನು ತಡೆಯಬಹುದು, ನಮ್ಮ ಮನೆಯ ಮಗುವನ್ನು ತಡೆಯುವುದಿಲ್ಲ. ಅದು ಹೊರಡುವುದೇ ಹಾಲ್‌ನಿಂದ, ಗಾಜಿನ ಜಾರುಬಾಗಿಲು ಸರಿಸಿಕೊಂಡು. ಕೊಳದ ನಾಲ್ಕೂ ಬದಿಗೆ, ಮನೆಗೂ ಕೊಳಕ್ಕೂ ನಡುವೆ, ಪ್ರತ್ಯೇಕ ಬೇಲಿ ಬೇಕು. ಇದನ್ನು ಅಳೆದು ನೋಡಿದವರಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಮನೆಯನ್ನೂ ಒಳಗೆ ಸೇರಿಸಿಕೊಂಡ ಬೇಲಿಗಿಂತ ಕೊಳವನ್ನಷ್ಟೇ ಸುತ್ತುವರಿದ ನಾಲ್ಕು ಬದಿಯ ಬೇಲಿ ಇರುವಲ್ಲಿ ಮಕ್ಕಳು ಮುಳುಗುವ ಸಂಭವ ಶೇ 80ಕ್ಕೂ ಹೆಚ್ಚು ತಗ್ಗುತ್ತದೆ.

ಆಸ್ಟ್ರೇಲಿಯಾದವರು ಇದನ್ನು ಕಾನೂನೇ ಮಾಡಿದರು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈಜುಕೊಳಕ್ಕೆಂದೇ 1992ರ ಕಾಯ್ದೆ ಇದೆ. ಅಲ್ಲಿರುವ ಕನ್ನಡಿಗರನ್ನು ಕೇಳಿದರೆ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬೇಲಿಯ ಪ್ರಮಾಣಪತ್ರಕ್ಕೆ ಪಡುವ ಪಾಡು ಹೇಳುತ್ತಾರೆ. ಅವರ ಅಳತೆಗಳನ್ನು ನಮ್ಮ ವೆಲ್ಡರ್‌ಗೂ ಹಾಗೇ ಹೇಳಬಹುದು. ಎತ್ತರ 1.2 ಮೀಟರ್, ಅಂದರೆ ನಾಲ್ಕು ಅಡಿ. ಕಂಬಿಗಳ ನಡುವೆ, ಬೇಲಿಯ ಕೆಳಗೆ, ನಾಲ್ಕು ಇಂಚಿಗಿಂತ ಹೆಚ್ಚು ಸಂದು ಇರಕೂಡದು. ಕಂಬಿ ನಿಂತಿರಬೇಕು, ಮಲಗಿರಬಾರದು, ಏಕೆಂದರೆ ಅಡ್ಡ ಕಂಬಿ ಮಗುವಿಗೆ ಏಣಿ. ಗೇಟು ಕೊಳದ ಕಡೆಗಲ್ಲ, ಹೊರಕ್ಕೆ ತೆರೆಯಬೇಕು. ಮಗು ತಳ್ಳಿಕೊಂಡು ನಿಂತರೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಬಿಟ್ಟ ಕೂಡಲೇ ತಾನಾಗಿ ಮುಚ್ಚಿ, ತಾನಾಗಿ ಚಿಲಕ ಬೀಳಬೇಕು. ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು.

ಇಷ್ಟೆಲ್ಲ ಮಾಡಿ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಮುಗಿಯಿತು. ಹೂವಿನ ಕುಂಡ, ಎಸಿಯ ಹೊರಗಿನ ಪೆಟ್ಟಿಗೆ, ಕಲ್ಲುಬೆಂಚು ಯಾವುದೂ ಬೇಲಿಯಿಂದ ಮೂರಡಿಯೊಳಗೆ ಇರಬಾರದು. ಅಕ್ಕನ ಮನೆಯಲ್ಲಿ ನಾನು ಅಳೆದು ನೋಡಿದಾಗ, ಭಾವ ಹೊಸದಾಗಿ ಗುರುತು ಹಾಕಿಸಿದ್ದ ಬೇಲಿಯ ಜಾಗಕ್ಕೂ ತುಳಸಿಕಟ್ಟೆಗೂ ಎರಡೇ ಅಡಿ ಅಂತರ. ಕಟ್ಟೆಗೆ ಮೂರು ಮೆಟ್ಟಿಲು ಬೇರೆ. ತುಳಸಿಯನ್ನು ಕದಲಿಸಲು ಅಕ್ಕ ಒಪ್ಪಲಿಲ್ಲ, ಬೇಲಿಯೇ ಸರಿಯಿತು.

ಫ್ರಾನ್ಸ್‌ನವರದು ಇನ್ನೊಂದು ಬಗೆ. 2003ರ ಜನವರಿಯ ಕಾನೂನು ನಾಲ್ಕು ಆಯ್ಕೆ ಕೊಟ್ಟಿತು: ಬೇಲಿ, ಅಲಾರಂ, ಗಟ್ಟಿ ಮುಚ್ಚಿಗೆ, ಕೊಳದ ಮೇಲೊಂದು ಮಾಡು, ಇವುಗಳಲ್ಲಿ ಒಂದಾದರೂ ಇರಲೇಬೇಕು. ನನ್ನ ಕೇಳಿದರೆ ಅಲಾರಂ ಒಂದನ್ನೇ ನಂಬುವುದು ಬೇಡ. ಅದು ಹೇಳುವುದು ಬಿದ್ದ ಮೇಲೆ. ಕರೆಂಟು ಹೋದಾಗ, ಬ್ಯಾಟರಿ ಸತ್ತಾಗ ಅದೂ ಹೇಳುವುದಿಲ್ಲ. ಗಾಳಿಗುಳ್ಳೆಯ ತೆಳು ನೀಲಿ ಹಾಳೆಯನ್ನು ಕೊಳದ ಮೇಲೆ ಹಾಸಿ "ಮುಚ್ಚಿದ್ದೇವೆ" ಎನ್ನುವವರಿದ್ದಾರೆ. ಅದು ನೀರು ಆವಿಯಾಗದಂತೆ ತಡೆಯುವ ಹಾಳೆ, ಭಾರ ತಡೆಯುವುದಲ್ಲ. ಮಗುವೋ ನಾಯಿಯೋ ಕಾಲಿಟ್ಟರೆ ಮೈಗೆ ಸುತ್ತಿಕೊಂಡು ಒಳಗೆಳೆಯುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದೂ ಇಲ್ಲ. ಹಾಳೆ ಇಲ್ಲದ ಕೊಳಕ್ಕಿಂತ ಅರ್ಧ ಹಾಸಿದ ಹಾಳೆ ಹೆಚ್ಚು ಅಪಾಯ.

ಬೆಳ್ಳಿಯ ವಿಷಯಕ್ಕೆ ಬರುತ್ತೇನೆ. ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂಬ ಮಾತು ಅರ್ಧ ನಿಜ. ಕಾಲು ಆಡಿಸುವುದು ಬರುತ್ತದೆ. ಎಲ್ಲಿಂದ ಮೇಲೆ ಹತ್ತಬೇಕು ಎನ್ನುವುದು ಬರುವುದಿಲ್ಲ. ಅದು ಬಿದ್ದ ಜಾಗದಲ್ಲೇ ಗೋಡೆ ಕೆರೆಯುತ್ತ ದಣಿಯುತ್ತದೆ. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯವು ಮೂಗನ್ನು ನೀರಿನ ಮೇಲಿಡಲು ಮೈಯನ್ನೇ ನೆಟ್ಟಗೆ ಮಾಡಬೇಕಾಗುತ್ತದೆ, ಕೂಡಲೇ ಹಿಂಭಾಗ ಮುಳುಗುತ್ತದೆ. ಡ್ಯಾಶ್‌ಹುಂಡ್‌ಗೆ ಕಾಲೇ ಗಿಡ್ಡ. ಮುಧೋಳದಂತಹ ಬೇಟೆನಾಯಿಗೆ ಮೈಯಲ್ಲಿ ಕೊಬ್ಬಿಲ್ಲ, ತೇಲುವುದು ಕಷ್ಟ, ಬೇಗ ತಣ್ಣಗಾಗುತ್ತದೆ.

ಇಲ್ಲಿ ನಮ್ಮ ಹಳೆಯ ಕಲ್ಯಾಣಿಗಳು ನೆನಪಾಗುತ್ತವೆ. ಹಂಪಿಯ ಮೆಟ್ಟಿಲು ಪುಷ್ಕರಣಿಯನ್ನೋ ಹಳೇಬೀಡಿನ ಹತ್ತಿರದ ಹುಳಿಕೆರೆಯ ಹೊಯ್ಸಳರ ಕೊಳವನ್ನೋ ನೋಡಿದವರು ಕಲ್ಲಿನ ಕೆಲಸ ಮೆಚ್ಚಿ ಫೋಟೊ ತೆಗೆದು ಬರುತ್ತಾರೆ. ನಾನು ಈ ಸಲ ನೋಡಿದ್ದು ಬೇರೆ. ನಾಲ್ಕೂ ಬದಿಗೆ ಮೆಟ್ಟಿಲು. ಯಾವ ಕಡೆ ಬಿದ್ದರೂ ಮೇಲೆ ಬರಲು ಅಲ್ಲೇ ದಾರಿ, ಮನುಷ್ಯನಿಗೂ ಕರುವಿಗೂ ಕಪ್ಪೆಗೂ. ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲಲ್ಲಿ ಜಾರಿ ಸತ್ತವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಾಲ್ಕು ಕಡೆ ನುಣುಪು ಗೋಡೆ ಎಬ್ಬಿಸಿ, ಒಂದು ಮೂಲೆಯಲ್ಲಿ ಸ್ಟೀಲ್ ಏಣಿ ನೇತುಹಾಕುವ ನಮ್ಮ ಕಾಲದ ಜಾಣತನ ಅವರಿಗೆ ಹೊಳೆದಿರಲಿಲ್ಲ. ಸ್ಟೀಲ್ ಏಣಿಯನ್ನು ನಾಯಿ ಹತ್ತಲಾರದು, ಮಂಡಿನೋವಿನ ಅಜ್ಜಿಯೂ ಹತ್ತಲಾರರು. ಹೊಸದಾಗಿ ಕಟ್ಟಿಸುವವರು ಒಂದು ಬದಿಯ ಉದ್ದಕ್ಕೂ ಅಗಲವಾದ ಮೆಟ್ಟಿಲು ಕಟ್ಟಿಸಿಕೊಳ್ಳಿ. ಈಗಾಗಲೇ ಕಟ್ಟಿಸಿಯಾಗಿದ್ದರೆ ನೀರಿಗೆ ಇಳಿಬಿಡುವ ಪ್ಲಾಸ್ಟಿಕ್ ಇಳಿಜಾರು ಹಲಗೆ ಸಿಗುತ್ತದೆ.

ಹಲಗೆ ಹಾಕಿದರೆ ಸಾಲದು, ನಾಯಿಗೆ ಅದನ್ನು ಕಲಿಸಬೇಕು. ಕೊಳದ ಬೇರೆ ಬೇರೆ ಬದಿಯಿಂದ ನಿಧಾನಕ್ಕೆ ನೀರಿಗೆ ಇಳಿಸಿ, ಪ್ರತಿ ಸಲವೂ ಮೆಟ್ಟಿಲ ಕಡೆಗೇ ಕರೆದು, ಹತ್ತಿದ ಮೇಲೆ ತಿನ್ನಲು ಕೊಡಿ. ಹತ್ತು ಹದಿನೈದು ದಿನ ಬೇಕು. ಮೆಟ್ಟಿಲ ಪಕ್ಕ ದಂಡೆಯ ಮೇಲೆ ದೊಡ್ಡದೊಂದು ಗುರುತು ಇರಲಿ, ಹಳದಿ ಬಣ್ಣದ್ದು. ನಾಯಿಯ ಕಣ್ಣಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ತಿಳಿಯುವುದಿಲ್ಲ, ನೀಲಿ ಮತ್ತು ಹಳದಿ ತಿಳಿಯುತ್ತವೆ. ನೀಲಿ ನೀರಿನ ನಡುವಿನಿಂದ ಹಳದಿ ಎದ್ದು ಕಾಣುತ್ತದೆ. ಅಕ್ಕನ ಮನೆಯಲ್ಲಿ ಒಂದು ಹಳೆಯ ಡ್ರಮ್ಮಿಗೆ ಹಳದಿ ಬಣ್ಣ ಬಳಿದು ಇಟ್ಟಿದ್ದಾರೆ. ನೋಡಲು ಚೆನ್ನಾಗಿಲ್ಲ. ಬೆಳ್ಳಿ ಈಗ ಯಾವ ಕಡೆಯಿಂದ ಬಿಟ್ಟರೂ ಡ್ರಮ್ಮಿನ ಕಡೆಗೇ ಈಜುತ್ತದೆ.

ಕೊಳದ ಹತ್ತಿರ ಬಟ್ಟಲಲ್ಲಿ ಒಳ್ಳೆಯ ನೀರು ಯಾವಾಗಲೂ ಇಡಿ, ಇಲ್ಲದಿದ್ದರೆ ಬಾಯಾರಿದ ನಾಯಿ ಕೊಳದ ನೀರನ್ನೇ ಕುಡಿಯುತ್ತದೆ. ಚೆಂಡು ಎಸೆದು ತರಿಸುವ ಆಟ ಗಂಟೆಗಟ್ಟಲೆ ಆಡಿಸಬೇಡಿ. ಬಾಯಿ ತೆರೆದು ಈಜುತ್ತ ನುಂಗಿದ ನೀರೇ ರಕ್ತದ ಸೋಡಿಯಂ ಇಳಿಸಿ, ವಾಂತಿ, ತೂರಾಟ, ಸಾವಿನವರೆಗೂ ಒಯ್ಯಬಹುದು. ಅಪರೂಪ, ಆದರೆ ನಿಜ. ಈಜಿದ ಮೇಲೆ ಮೈಯನ್ನು ಸಾದಾ ನೀರಿನಲ್ಲಿ ತೊಳೆದು ಕಿವಿ ಒರೆಸಿ. ಬೆಕ್ಕು ತಾನಾಗಿ ನೀರಿಗೆ ಇಳಿಯುವುದಿಲ್ಲ, ಓತಿಯ ಹಿಂದೆ ಹಾರಿ ಬೀಳುತ್ತದೆ. ಅದಕ್ಕೂ ಅದೇ ಹಲಗೆ. ಹಾಂ, ಸ್ಕಿಮ್ಮರ್ ಬುಟ್ಟಿಯ ಮುಚ್ಚಳ ತೆಗೆದು ಕಸ ತೆಗೆಯುವಾಗ ಕಣ್ಣಲ್ಲಿ ನೋಡದೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಕಪ್ಪೆ ಸೇರಿಕೊಳ್ಳುವುದು ಅಲ್ಲಿಗೇ, ಕಪ್ಪೆ ಹುಡುಕಿಕೊಂಡು ನೀರೊಳ್ಳೆ ಬರುವುದೂ ಅಲ್ಲಿಗೇ. ನೀರೊಳ್ಳೆಗೆ ವಿಷವಿಲ್ಲ, ಆದರೆ ಬರುವುದು ಅದೊಂದೇ ಎಂಬ ಗ್ಯಾರಂಟಿಯೂ ಇಲ್ಲ.

ಇನ್ನು ನೀರಿನ ಗುಣ. ಇದು ಚರ್ಮ, ಕಣ್ಣಿನ ವಿಚಾರ ಎಂದು ನಾವು ಅಂದುಕೊಳ್ಳುತ್ತೇವೆ. ಮೊದಲನೆಯದಾಗಿ ಇದು ಕಾಣುವ ವಿಚಾರ. ದಂಡೆಯ ಮೇಲೆ ನಿಂತವರಿಗೆ ತಳದಲ್ಲಿ ನೀರೆಳೆಯುವ ರಂಧ್ರದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ, ತಳದಲ್ಲಿ ಬಿದ್ದ ಮಗುವೂ ಕಾಣುವುದಿಲ್ಲ. ಅಂತಹ ನೀರಿಗೆ ಯಾರೂ ಇಳಿಯಬಾರದು. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ ₹5,000 ದಂಡ ಎಂದಿತು. ಸರಿಯಾದ ಕ್ರಮವೇ. ಆದರೆ ಇದ್ದ ನೀರನ್ನು ಹಾಗೇ ಬಿಟ್ಟು ಪಂಪ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಹಸಿರು ಕಟ್ಟುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಬಳಸದ ಕೊಳವೇ ಹೆಚ್ಚು ಅಪಾಯದ ಕೊಳ.

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳದ ಮನೆಕೊಳದಲ್ಲಿ ಸುಮಾರು 22,600 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರಿನಲ್ಲಿ ಕ್ಲೋರಿನ್ ಒಂದು ಪಿಪಿಎಂ ಏರಿಸಲು ಬೇಕಾದದ್ದು ಬರೀ 23 ಗ್ರಾಂ. ನೀರಿನಲ್ಲಿ ಇರಬೇಕಾದದ್ದು ಒಂದರಿಂದ ಮೂರು ಪಿಪಿಎಂ. ಕೊಳ ನೋಡಿಕೊಳ್ಳುವ ಹುಡುಗರು ಡಬ್ಬಿಯಿಂದ ಕೈಯಂದಾಜಿನಲ್ಲಿ ಹಾಕುವುದನ್ನು ನೋಡಿದರೆ ನನಗೆ ಭಯವಾಗುತ್ತದೆ. ಅವರ ತಪ್ಪೂ ಅಲ್ಲ, ಯಾರೂ ತಕ್ಕಡಿ ಕೊಟ್ಟಿಲ್ಲ.

ಕ್ಲೋರಿನ್ ಎಷ್ಟಿದ್ದರೂ ಪಿಎಚ್ ತಪ್ಪಿದರೆ ಅದು ಕೆಲಸ ಮಾಡುವುದಿಲ್ಲ. ರೋಗಾಣು ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ ಎಂಬ ರೂಪ. ಪಿಎಚ್ 7.5 ಇದ್ದರೆ ಕ್ಲೋರಿನ್‌ನ ಸುಮಾರು ಅರ್ಧ ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಮೇಲಕ್ಕೇ ಎಳೆಯುತ್ತದೆ. ಎರಡನ್ನೂ ತೋರಿಸುವ ಪುಟ್ಟ ಪರೀಕ್ಷಾ ಕಿಟ್ ದುಬಾರಿಯಲ್ಲ. ಬಿಸಿಲು ಕ್ಲೋರಿನ್ ತಿನ್ನುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಸಂಜೆ ಹಾಕುವುದು ಒಳ್ಳೆಯದು. "ಕ್ಲೋರಿನ್ ವಾಸನೆ ಘಂ ಅಂತಿದೆ, ನೀರು ಶುದ್ಧವಾಗಿದೆ" ಎನ್ನುವವರಿಗೆ ಒಂದು ಮಾತು. ಆ ವಾಸನೆ ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಆದ ಕ್ಲೋರಮೈನ್‌ನದು. ಕಣ್ಣು ಕೆಂಪಾಗುವುದೂ ಅದರಿಂದಲೇ. ವಾಸನೆ ಬಂದರೆ ನೀರು ಕೆಟ್ಟಿದೆ ಎಂದರ್ಥ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜೀವ ತೆಗೆದ ಮೆದುಳು ತಿನ್ನುವ ಅಮೀಬಾ ಕೂಡ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಿಂದ ಮೂಗಿನ ಮೂಲಕ ಹೋಗುವುದು. ಸರಿಯಾಗಿ ಕ್ಲೋರಿನ್ ಇರುವ ಕೊಳದಲ್ಲಿ ಅದು ಉಳಿಯುವುದಿಲ್ಲ.

ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಕ್ಯಾನನ್ನು ಒಂದೇ ಮೂಲೆಯಲ್ಲಿ ಇಡುವವರೇ ಹೆಚ್ಚು. ಎರಡೂ ಸೇರಿದರೆ ಬರುವುದು ಕ್ಲೋರಿನ್ ಅನಿಲ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ಒಂದರ ಚಮಚವನ್ನು ಇನ್ನೊಂದರ ಡಬ್ಬಿಗೆ ಹಾಕಬಾರದು. ಪುಡಿಯನ್ನು ಬಕೆಟ್ ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಎಲ್ಲಕ್ಕೂ ಬೀಗ. ಬಿಳಿ ಕ್ಲೋರಿನ್ ಬಿಲ್ಲೆಗಳು ಮಗುವಿಗೆ ಪೆಪ್ಪರ್‌ಮಿಂಟಿನಂತೆ ಕಾಣುತ್ತವೆ, ನಾಯಿಗೆ ಎಲುಬಿನಂತೆ.

ತಳದ ಜಾಲರಿಯ ಮಾತು ಎತ್ತಿದೆನಲ್ಲ, ಅದರ ಹಿಂದೆ ಒಂದು ಹೆಸರಿದೆ. 2002ರ ಜೂನ್‌ನಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಮೊಮ್ಮಗಳು, ಏಳು ವರ್ಷದ ಗ್ರೇಮ್ ಬೇಕರ್, ಬಿಸಿನೀರಿನ ತೊಟ್ಟಿಯ ತಳದ ರಂಧ್ರದ ಸೆಳೆತಕ್ಕೆ ಸಿಕ್ಕಳು. ಈಜು ಬಲ್ಲ ಹುಡುಗಿ. ತಾಯಿ ಎಳೆದರೂ ಬಿಡಿಸಲಾಗಲಿಲ್ಲ. ಆ ತಾಯಿಯ ಹೋರಾಟದಿಂದ 2007ರಲ್ಲಿ ಮಗುವಿನ ಹೆಸರಿನಲ್ಲೇ ಕಾನೂನು ಬಂತು: ಸಾರ್ವಜನಿಕ ಕೊಳಗಳಲ್ಲಿ ಸಿಕ್ಕಿಕೊಳ್ಳದಂತಹ ಜಾಲರಿ ಕಡ್ಡಾಯ. ಒಂದೇ ರಂಧ್ರದಿಂದ ಎಳೆಯುವ ಬದಲು ದೂರ ದೂರ ಎರಡು ಇದ್ದರೆ, ಒಂದು ಮುಚ್ಚಿದರೂ ಪಂಪ್ ಇನ್ನೊಂದರಿಂದ ಎಳೆಯುತ್ತದೆ. ನಿಮ್ಮ ಕೊಳದ ಜಾಲರಿಯ ಸ್ಕ್ರೂ ಬಿಚ್ಚಿದ್ದರೆ, ಒಡೆದಿದ್ದರೆ, ಸರಿಪಡಿಸುವವರೆಗೆ ಈಜು ಬಂದ್. ಪಂಪಿನ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಉದ್ದ ಕೂದಲನ್ನು ಕಟ್ಟಿಕೊಂಡೇ ಇಳಿಯಲಿ.

ವಿದ್ಯುತ್ತಿನದು ಎರಡು ಸಾಲಿನ ಮಾತು, ಆದರೆ ಬಿಡುವಂತಿಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಕಡೆಯ ಅಪಾರ್ಟ್‌ಮೆಂಟೊಂದರ ಈಜುಕೊಳದ ಬಳಿ ಬಾಲಕಿಯೊಬ್ಬಳು ಸತ್ತಳು, ವಿದ್ಯುತ್ ಹರಿದದ್ದೇ ಕಾರಣ ಎಂಬ ಆರೋಪದ ಮೇಲೆ ಮುಂದೆ ಬಂಧನಗಳೂ ಆದವು. ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು. ಪಂಪ್, ದೀಪಗಳ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್, ಇರಬೇಕು. ಅದರ ಮೇಲಿನ 'ಟೆಸ್ಟ್' ಗುಂಡಿ ಅಲಂಕಾರಕ್ಕಲ್ಲ, ತಿಂಗಳಿಗೊಮ್ಮೆ ಒತ್ತಿ ನೋಡಲಿಕ್ಕೆ.

ಈಜುವ ಹೊತ್ತಿನ ಕಾವಲಿಗೆ ಅಕ್ಕನ ಮನೆಯಲ್ಲೊಂದು ಪದ್ಧತಿ ಶುರುವಾಗಿದೆ. ಒಂದು ಕೆಂಪು ಟವೆಲ್ ಇದೆ. ಯಾರ ಹೆಗಲ ಮೇಲೆ ಅದಿದೆಯೋ ಅವರು ನೀರಿನ ಕಾವಲು: ಫೋನ್ ಇಲ್ಲ, ಪುಸ್ತಕ ಇಲ್ಲ, ಬೋಂಡ ಕರಿಯಲು ಎದ್ದು ಹೋಗುವುದಿಲ್ಲ. ಹದಿನೈದು ನಿಮಿಷಕ್ಕೆ ಟವೆಲ್ ಇನ್ನೊಬ್ಬರ ಹೆಗಲಿಗೆ. ಪಾನಗೋಷ್ಠಿಯಲ್ಲಿದ್ದವರಿಗೆ ಟವೆಲ್ ಸಿಗುವುದಿಲ್ಲ. ಓಡಲಾಗದ, ಈಜು ಬಾರದ ಅಜ್ಜ ಅಜ್ಜಿಯರ ಮೇಲೆ ಈ ಕಾವಲು ಹೊರಿಸುವುದು ಅವರಿಗೂ ಅನ್ಯಾಯ, ಮಗುವಿಗೂ. ಗಾಳಿ ತುಂಬಿದ ತೋಳುಪಟ್ಟಿ, ಬಾತುಕೋಳಿ ಟ್ಯೂಬು ಆಟಿಕೆಗಳು, ಜೀವರಕ್ಷಕಗಳಲ್ಲ. ನಾವು ಬಾವಿಯಲ್ಲಿ ಈಜು ಕಲಿತಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಹಗ್ಗದ ತುದಿಯನ್ನು ಮೇಲೆ ನಿಂತ ಮಾವ ಹಿಡಿದಿರುತ್ತಿದ್ದರು. ಬುರುಡೆ ತೇಲಿಸುತ್ತಿತ್ತು ಸರಿ, ನಂಬಿಕೆ ಇದ್ದದ್ದು ಹಗ್ಗದ ಮೇಲೆ. ಈಜು ಮುಗಿದ ಮೇಲೆ ಆಟಿಕೆಗಳನ್ನು ನೀರಿನಿಂದ ತೆಗೆದಿಡಿ, ತೇಲುವ ಬಾತು ಮಗುವನ್ನು ಕರೆಯುತ್ತದೆ. ಮಕ್ಕಳ ಈಜುಡುಗೆ ಕಿತ್ತಳೆಯೋ ಗಾಢ ಗುಲಾಬಿಯೋ ಇರಲಿ. ತಿಳಿನೀಲಿ ಬಟ್ಟೆ ನೀರಿನಲ್ಲಿ ಮಾಯವಾಗುತ್ತದೆ. ಚೂಡಿದಾರ, ಸೀರೆಯಲ್ಲಿ ಇಳಿದವರಿಗೆ ಒದ್ದೆ ಬಟ್ಟೆಯ ಭಾರವೇ ಶತ್ರು.

ಯಾರಾದರೂ ಮುಳುಗುತ್ತಿದ್ದರೆ ನೆಗೆಯಬೇಡಿ. 2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ, ಉಚ್ಚಿಲದ ಕಡಲ ಬದಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ತೀರಿಕೊಂಡರು. ಒಬ್ಬಳು ಆಳಕ್ಕೆ ಹೋದಾಗ ಗೆಳತಿಯರು ಹಿಡಿಯಲು ಹೋದದ್ದು. ದಂಡೆಯಲ್ಲಿ ಯಾವಾಗಲೂ ಒಂದು ಉದ್ದ ಬಿದಿರು ಗಳ, ಹಗ್ಗ ಕಟ್ಟಿದ ಟ್ಯೂಬು ಇರಲಿ. ಏನೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಎಸೆಯಿರಿ, ಇಲ್ಲವೇ ದಂಡೆಯ ಮೇಲೆ ಮಲಗಿಕೊಂಡು ಪಂಚೆ ಚಾಚಿ.

ಮೇಲೆ ತಂದ ಮೇಲೆ ನಾವು ಮಾಡುವ ತಪ್ಪುಗಳ ಪಟ್ಟಿ ದೊಡ್ಡದು. ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿ ಸತ್ತ ಬಾಲಕನನ್ನು, ಮೊಬೈಲಿನಲ್ಲಿ ಬಂದ ಸಂದೇಶ ನಂಬಿ, ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿ ಕಾದರು. ಆ ತಂದೆತಾಯಿಯನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಸರಿಯಾದದ್ದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಉಸಿರು ನಿಂತು ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗದ್ದ ಎತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಹೀಗೆ 108 ಆಂಬುಲೆನ್ಸ್ ಬರುವವರೆಗೂ. ಇದನ್ನು ಓದಿ ಕಲಿಯಲಾಗದು, ಬೊಂಬೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ಕೊಳ ಕಟ್ಟಿಸುವ ಖರ್ಚಿನಲ್ಲಿ ಈ ತರಬೇತಿಯ ಪಾಲು ಒಂದು ಟೈಲ್ಸ್ ಪೆಟ್ಟಿಗೆಯಷ್ಟೂ ಆಗದು.

ಈಜುಕೊಳ ಇಲ್ಲದ ಓದುಗರು ಇಲ್ಲಿಯವರೆಗೆ ಓದಿದ್ದರೆ ಅವರಿಗೂ ಕೆಲಸವಿದೆ. ನಿಮ್ಮ ಮನೆಯ ಸಂಪಿನ ಮುಚ್ಚಳ ನೋಡಿ. ತುಕ್ಕು ಹಿಡಿದ ತಗಡೋ, ಬೀಗವಿಲ್ಲದ ಸ್ಲ್ಯಾಬೋ? ಹೊಲದಲ್ಲಿ ಕೃಷಿ ಹೊಂಡ ಇದ್ದರೆ, ಅದರ ಪಾಲಿಥಿನ್ ಹೊದಿಕೆ ಈಜುಕೊಳದ ಟೈಲ್ಸಿಗಿಂತ ಜಾರು. ದೊಡ್ಡವರೂ ಹತ್ತಿ ಬರಲಾರರು. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಯನ್ನೂ ಸೇರಿಸಿದ್ದು ಸುಮ್ಮನಲ್ಲ. ಬೇಲಿ ಹಾಕಿಸಿಲ್ಲದಿದ್ದರೆ ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನಾದರೂ ಗೂಟಕ್ಕೆ ಕಟ್ಟಿ ಇಳಿಬಿಡಿ.

ಅಕ್ಕನ ಮನೆಯಲ್ಲಿ ಬೇಲಿ ಎದ್ದು ನಾಲ್ಕು ತಿಂಗಳಾಯಿತು. ವ್ಯೂ ಸ್ವಲ್ಪ ಹಾಳಾಗಿದೆ, ಭಾವ ಹೇಳಿದ್ದು ಸುಳ್ಳಲ್ಲ. ಅಮ್ಮ ಮೊನ್ನೆ ಬಂದವರು ಕಂಬಿ ಅಲ್ಲಾಡಿಸಿ ನೋಡಿ, "ಹ್ಞೂಂ, ಈಗ ಬಾವಿ ಅನ್ನಿಸ್ತು" ಎಂದರು. ನಿಮ್ಮ ಅಂಗಳದಲ್ಲೂ ಇಂಥ ಬಾವಿ ಇದ್ದರೆ, ಬೇಲಿಯೂ ಇದ್ದರೆ, ಈ ಭಾನುವಾರ ಗೇಟನ್ನು ಅರ್ಧ ತೆರೆದು ಕೈ ಬಿಡಿ. ತಾನಾಗಿ ಮುಚ್ಚಿ ಚಿಲಕ ಬಿದ್ದ ಸದ್ದು ಕೇಳಬೇಕು. ಕೇಳದಿದ್ದರೆ ಸೋಮವಾರ ಬೆಳಿಗ್ಗೆ ವೆಲ್ಡರ್‌ಗೆ ಫೋನ್ ಮಾಡಿ, ಅಲ್ಲಿಯವರೆಗೆ ಹಗ್ಗ ಕಟ್ಟಿಡಿ.